ಒಂದು ಗೇಣು ಈಚೆ

ಎಳ್ಳಮಾಸಿ ಕಳೆದು ವಾರವಾಗಿತ್ತು, ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಶಹಾಪುರದ ಸಮೀಪ ವಿಭೂತಿಹಳ್ಳಿ ಕಡೆ ಮುತ್ಯಾನ ಹೊಲ. ಹೊತ್ತು ಮುಳುಗಿದ ಮೇಲೆ ಕುಳ್ಳಿನ ಕೆಂಡದಲ್ಲಿ ಸೀತನಿ ಸುಟ್ಟು, ಬಿಸಿ ತೆನೆ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಬೆಲ್ಲ, ಶೇಂಗಾ ಹಿಂಡಿ ಕೂಡಿಸಿ ಮುಕ್ಕುವ ದಿನಗಳು. ನನಗಾಗ ಒಂಬತ್ತು ವರ್ಷ. ಶಹಾಪುರ ಸೇರಿದ ಯಾದಗಿರಿ ಜಿಲ್ಲೆಯಾದದ್ದು ಆಮೇಲೆ, 2009ರ ಡಿಸೆಂಬರಿನಲ್ಲಿ. ಅವತ್ತಿಗೆ ನಾವೆಲ್ಲ ಗುಲಬರ್ಗಾ ಜಿಲ್ಲೆಯವರು.

ಹೊಲ ದಾಟಿದರೆ ಕಲ್ಲಿನ ಸಾಲುಗಳು. ಸುಮಾರು 12 ಎಕರೆ ತುಂಬ ಗುಂಡುಗಲ್ಲುಗಳು. ಉಳಿ ಮುಟ್ಟದ ಕಲ್ಲು, ದೇವರಿಲ್ಲ, ಗುಡಿಯಿಲ್ಲ. ನಡುವೆ ನಿಂತು ನೋಡಿದರೆ ಮಾತ್ರ ಮೈ ಜುಮ್ಮೆನ್ನುತ್ತಿತ್ತು. ಉದ್ದಕ್ಕೆ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು. ಕೂರಿಗೆ ಹಿಡಿದು ಯಾರೋ ಕಲ್ಲನ್ನೇ ಬಿತ್ತಿ ಹೋಗಿದ್ದಾರೆ ಅನ್ನಿಸುತ್ತಿತ್ತು.

ಆ ವರ್ಷ ಮಳೆಗೆ ನಮ್ಮ ಒಡ್ಡು ಕಿತ್ತಿತ್ತು. ಕಾಕಾ ಹಾರಿ ಹಾಕಿ, ಅಂಚಿನ ಸಾಲಿನಿಂದ ಮಲಗಿದ ಕುರಿಮರಿಯಷ್ಟು ದೊಡ್ಡದೊಂದು ಕಲ್ಲನ್ನು ಎಬ್ಬಿಸಿ ಬಂಡಿಗೇರಿಸಿ ತಂದಿದ್ದ. ಹಿಂದಿನಿಂದ ನೂಕಿದವನು ನಾನು. ಬೆಂಕಿಯ ಬೆಳಕಿಗೆ ಅದು ಮುತ್ಯಾನ ಕಣ್ಣಿಗೆ ಬಿತ್ತು.

"ಎಲ್ಲೀದೋ ಅದು?"

"ಒಡ್ಡಿಗೆ ಬೇಕಿತ್ತಪ್ಪ."

"ಎಲ್ಲೀದು ಅಂತ ಕೇಳಿದೆ."

ಕಾಕಾ ಸುಮ್ಮನೆ ತೆನೆ ತಿರುವುತ್ತ ಕೂತ. ಮುತ್ಯಾ ಬೈಯಲಿಲ್ಲ. ನನ್ನ ಕಡೆ ತಿರುಗಿ ಹೇಳಿದ: "ಮೊರೇರು ಅಂದ್ರ ಮೂರು ಗೇಣಿನ ಮಂದಿ ತಮ್ಮಾ. ರಾಜನಕೋಳೂರಾಗ ಅವರ ಮನಿ ಇನ್ನೂ ನಿಂತಾವ, ನಾಕು ಬಂಡೆಗಲ್ಲು, ಮ್ಯಾಲೊಂದು ಬಂಡೆಗಲ್ಲು. ಅಷ್ಟು ಸಣ್ಣ ಮಂದಿ ಇಷ್ಟು ಕಲ್ಲು ಹೊತ್ತು ಸಾಲು ಹಚ್ಯಾರಂದ್ರ ಸುಮ್ನ ಹಚ್ಯಾರೇನು? ಎಣಿಸಿ ಇಟ್ಟಾರ. ಒಂದು ಕಮ್ಮಿ ಬಿತ್ತಂದ್ರ ಹುಡುಕ್ಕೋತ ಬರ್ತಾರ."

ಅವತ್ತು ಗುಡಿಸಲಿನಲ್ಲಿ ನನಗೆ ನಿದ್ದೆಯಿಲ್ಲ. ಗಾಳಿಗೆ ಜೋಳದ ಗರಿ ಸರಸರ ಎಂದರೆ ಮೂರು ಗೇಣಿನ ಕಾಲುಗಳು ಓಡಾಡಿದಂತೆ. ಮಗ್ಗುಲಲ್ಲಿ ಕಾಕಾನೂ ಹೊರಳಾಡುತ್ತಿದ್ದ. ನಸುಕಿನಲ್ಲಿ, ಯಾರೂ ಹೇಳದೆಯೇ, ಎತ್ತು ಹೂಡಿದ.

ಕೀಳುವಾಗಿನಷ್ಟು ಸುಲಭವಿರಲಿಲ್ಲ ಇಡುವುದು. ಕಲ್ಲಿದ್ದ ಜಾಗದಲ್ಲಿ ತುಸು ಹಸಿ ಮಣ್ಣು, ಮನೆ ಕಳೆದುಕೊಂಡ ಇರುವೆಗಳು. ಯಾವ ಮಗ್ಗುಲು ಮೇಲಿತ್ತು? ಮುತ್ಯಾ ಬಗ್ಗಿ ಕಲ್ಲನ್ನು ಎತ್ತಿನ ಮೈ ಸವರಿದಂತೆ ಸವರಿದ. ಒಂದು ಮಗ್ಗುಲಲ್ಲಿ ಬೂದು ಬಣ್ಣದ ಕಲ್ಲುಹೂವು ಹುರುಪೆಗಟ್ಟಿತ್ತು, ಇನ್ನೊಂದು ಮಗ್ಗುಲು ಮಣ್ಣು ಕುಡಿದು ಕಪ್ಪಾಗಿತ್ತು. "ಹೂವು ಮ್ಯಾಲ, ಮಣ್ಣು ಕೆಳಗ" ಎಂದ. ಆಮೇಲೆ ಬಿತ್ತಿದ ಸಾಲು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದ. "ಒಂದು ಗೇಣು ಈಚೆ ತಾ." ಕಾಕಾನ ಬೆವರು ಹಾರಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಸಾಕು ಬಿಡಪ್ಪ, ಅವರೇನು ಅಳಿತಾರೇನು?" ಎಂದು ಹಾರಿ ಹೆಗಲಿಗೇರಿಸಿದ.

ಓದಲು ಹೋದ ಮೇಲೆ ಗೊತ್ತಾಯಿತು, ಅಳೆಯಲು ಬಂದವರು ಬಹಳ ಮಂದಿ. ಮೊದಲಿಗ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1841ರಲ್ಲಿ ಸುರಪುರಕ್ಕೆ ಬಂದು ಸಂಸ್ಥಾನದ ಆಡಳಿತ ನೋಡಿಕೊಂಡವನು. ಬಾಲಕ ದೊರೆ ವೆಂಕಟಪ್ಪ ನಾಯಕ ಅವನನ್ನು "ಅಪ್ಪ" ಎಂದೇ ಕರೆಯುತ್ತಿದ್ದ. ಅವನಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ. ರಾಜನಕೋಳೂರಿನ ಕಲ್ಮನೆಗಳನ್ನೂ ಈ ಸೀಮೆಯ ಕಲ್ಲುಗಳನ್ನೂ ಕಂಡವನಿಗೆ ತನ್ನ ಊರಿನ ಡ್ರೂಯಿಡ್ ಪೂಜಾರಿಗಳ ನೆನಪಾಯಿತು; 1850ರ ದಶಕದಲ್ಲಿ ಹಾಗೆಯೇ ಬರೆದ. ಮೊರೇರ ಕಥೆಯನ್ನೂ ಅವನು ಜನರಿಂದ ಕೇಳಿ ಬರೆದಿಟ್ಟಿದ್ದಾನೆ.

ಇಂಥ ಕಲ್ಲುಗಳಿಗೆ ವಯಸ್ಸು ಹೇಳಿದವನು ಪುರಾತತ್ವಜ್ಞ ಮಾರ್ಟಿಮರ್ ವೀಲರ್. ಅವನು ಹಿಡಿದ ಅಳತೆಗೋಲು ರೋಮಿನದು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಇಟಲಿಯಿಂದ ಹಡಗೇರಿ ಬಂದ ಮಡಕೆಯ ಚೂರು ಸಿಕ್ಕಿದ್ದವು; ಅವುಗಳ ಕಾಲ ಗೊತ್ತಿತ್ತು. ಅವುಗಳ ಜೊತೆ ಸಿಕ್ಕ ಗೆರೆ ಅಲಂಕಾರದ ನಾಡ ಮಡಕೆ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಅಗೆದಾಗಲೂ ಸಿಕ್ಕಿತು. ಆ ಲೆಕ್ಕದ ಮೇಲೆ ನಮ್ಮ ಬೃಹತ್ ಶಿಲಾ ಗೋರಿಗಳನ್ನು ಕ್ರಿಸ್ತನ ಹಿಂದು ಮುಂದಿನ ಒಂದೆರಡು ಶತಮಾನಕ್ಕೆ ತಂದು ನಿಲ್ಲಿಸಿದ. ಇಂಗಾಲದ ಪರೀಕ್ಷೆ ಬಂದ ಮೇಲೆ ಆ ಗೋಲು ಸಾಲದೆ ಹೋಯಿತು. ಈ ಬೃಹತ್ ಶಿಲಾ ಸಂಸ್ಕೃತಿಯ ಆರಂಭ ಕ್ರಿಸ್ತಪೂರ್ವ 1000ದ ಆಸುಪಾಸಿಗೆ, ಅದಕ್ಕೂ ಹಿಂದಕ್ಕೆ ಸರಿಯಿತು. ರೋಮ್ ಇನ್ನೂ ಊರಾಗಿರದ ಕಾಲ ಅದು.

ಡ್ರೂಯಿಡರು, ರೋಮನ್ನರು, ಮೂರು ಗೇಣಿನ ಮೊರೇರು. ಮೂರರಲ್ಲಿ ಯಾವುದೂ ಕಲ್ಲಿಟ್ಟವರ ಹೆಸರಲ್ಲ. ಆದರೆ ಒಡ್ಡಿಗೆ ಹೋದ ಕಲ್ಲನ್ನು ಬಂಡಿ ಹೂಡಿ ತಿರುಗಿ ತರಿಸಿದ್ದು ಮೂರನೆಯದು ಮಾತ್ರ.

ಈಗ ನಮ್ಮ ಹೊಲದಾಚೆಯ ಆ ಕಲ್ಲುಸಾಲು ರಕ್ಷಿತ ಸ್ಮಾರಕ. ಇತ್ತೀಚೆಗೆ ಖಗೋಳ ವಿಜ್ಞಾನಿಗಳೂ ಬಂದು, ಸೂರ್ಯ ಹುಟ್ಟುವ ಮುಳುಗುವ ದಿಕ್ಕಿಗೂ ಈ ಸಾಲುಗಳಿಗೂ ನಂಟಿದೆಯೇ ಎಂದು ಅಳೆದು ನೋಡಿದ್ದಾರೆ. ಸುದ್ದಿ ಓದಿದಾಗ ನನಗೆ ಹೆಮ್ಮೆಗಿಂತ ಮೊದಲು ಅಳುಕಾಯಿತು. ಅಂಚಿನ ಸಾಲಿನಲ್ಲಿ ಎಲ್ಲಾದರೂ ಲೆಕ್ಕ ಒಂದು ಗೇಣು ತಪ್ಪಿ ಬಂದಿದ್ದರೆ, ಆ ತಪ್ಪು ಮೊರೇರದಲ್ಲ. ನಮ್ಮ ಕಾಕಾಂದು.