ಯಲ್ಲಮ್ಮನ ಗುಡ್ಡದಲ್ಲಿ ಬಯಲಾದ ಗುಟ್ಟು

ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಜವಳ ತೆಗೆಸುವ ತನಕ ಮಗನ ತಲೆ ಒಂದು ಕಡೆ ಚಪ್ಪಟೆಯಾಗಿದೆ ಅನ್ನೋದು ನಾನು, ನನ್ನ ಗಂಡ ಇಬ್ಬರಿಗೇ ಗೊತ್ತಿದ್ದ ಗುಟ್ಟು. ಐದು ತಿಂಗಳ ಕೂಸಿನ ದಟ್ಟ ಕೂದಲು ಅದನ್ನು ಮುಚ್ಚಿಟ್ಟಿತ್ತು. ಕೂದಲು ಹೋಗಿ, ನೀರು ಸುರಿದು, ಭಂಡಾರ ಹಚ್ಚಿದ ಮೇಲೆ ಬಲಗಡೆ ಹಿಂಭಾಗ ಎಲ್ಲರ ಕಣ್ಣಿಗೂ ಬಿತ್ತು.

"ಅಯ್ಯ, ಕೂಸಿನ ತಲಿ ಒಂದ್ ಬಾಜು ತಟ್ಟಿಧಂಗ ಆಗೇತಲ್ಲಬೇ!" ಅಂದರು ನಮ್ಮ ಸೋದರತ್ತೆ. ಸುತ್ತ ನಿಂತಿದ್ದವರೆಲ್ಲ ಬಗ್ಗಿ ನೋಡಿದರು. ನನಗೆ ಗುಡ್ಡ ಇಳಿದು ಓಡಿಹೋಗೋಣ ಅನ್ನಿಸಿತು.

ನಿಜ ಹೇಳಬೇಕಂದ್ರೆ ಇದಕ್ಕಾಗಿ ಬೆಂಗಳೂರಿನಲ್ಲಿ ಆಗಲೇ ದುಡ್ಡು ಖರ್ಚು ಮಾಡಿದ್ದೆ. ಆಫೀಸಿನ ಗೆಳತಿ "ಕ್ರೇನಿಯಲ್ ಆಸ್ಟಿಯೋಪಥಿ ಮಾಡಿಸು, ತುಂಬಾ ಜೆಂಟಲ್" ಅಂದಿದ್ದಳು. ಹೋದೆವು. ಮಂದ ಬೆಳಕಿನ ಕೋಣೆ, ಮೆತ್ತನೆಯ ಹಾಸಿಗೆ. ಮಗುವಿನ ಬಟ್ಟೆ ಬಿಚ್ಚುವಂತಿಲ್ಲ, ಎಣ್ಣೆ ಇಲ್ಲ, ಲಟಿಕೆ ಮುರಿಯೋದೂ ಇಲ್ಲ. ಚಿಕಿತ್ಸಕಿ ಎರಡೂ ಅಂಗೈಯಲ್ಲಿ ತಲೆಯನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ಒಂದು ಕೈ ಸೊಂಟದ ಕೆಳಗೆ ಇಟ್ಟರು. ನೋಡುವವರಿಗೆ ಏನೂ ನಡೀತಿಲ್ಲ ಅನ್ನಿಸುತ್ತೆ, ಅಷ್ಟು ಹಗುರ. ಮುಕ್ಕಾಲು ತಾಸಿನಲ್ಲಿ ಮಗು ನಿದ್ದೆ ಹೋಯ್ತು. ನಾನೂ ತೂಕಡಿಸಿದೆ. "ಆರು ಸೆಷನ್‌ನಲ್ಲಿ ಮೂಳೆ ಸರಿ ಕೂತ್ಕೊಳ್ಳುತ್ತೆ" ಅಂದಾಗ ಪ್ಯಾಕೇಜ್‌ಗೆ ಹೂಂ ಅಂದುಬಿಟ್ಟೆ.

ಈ ವಿದ್ಯೆ ಅಮೆರಿಕದ್ದು. ಆಸ್ಟಿಯೋಪಥಿ ಶುರು ಮಾಡಿದ ಆಂಡ್ರ್ಯೂ ಟೇಲರ್ ಸ್ಟಿಲ್ ಅವರ ಶಾಲೆಯಲ್ಲಿ ಕಲಿತ ವಿಲಿಯಂ ಸದರ್ಲೆಂಡ್ 1939ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ತಲೆಬುರುಡೆಯ ಮೂಳೆಗಳು ಸೂಕ್ಷ್ಮವಾಗಿ ಅಲುಗುತ್ತವೆ, ಆ ಲಯವನ್ನು ಕೈಯಿಂದ ಗುರುತಿಸಿ ತಿದ್ದಬಹುದು ಅನ್ನೋದು ಅವರ ವಾದ. ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ ಒಂದೇ ತಲೆಯನ್ನು ಮುಟ್ಟಿದ ಇಬ್ಬರು ಚಿಕಿತ್ಸಕರಿಗೆ ಒಂದೇ ಲಯ ಸಿಗಲಿಲ್ಲ. ರೋಗ ವಾಸಿಯಾಗುತ್ತೆ ಅನ್ನೋದಕ್ಕೂ ಗಟ್ಟಿ ಪುರಾವೆ ಇಲ್ಲ. ಇದನ್ನೆಲ್ಲ ನಾನು ಓದಿದ್ದು ದುಡ್ಡು ಕಟ್ಟಿದ ಮೇಲೆ!

ತವರುಮನೆ ಬೈಲಹೊಂಗಲದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎರಿಯೋಕೆ ಬರುವ ಆಯಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಮೈ ತಿಕ್ಕಿ, ಬಿಸಿನೀರು ಹೊಯ್ಯುತ್ತಾರೆ. ಹತ್ತಾರು ಕೂಸುಗಳನ್ನು ಎರೆದ ಕೈ. ಎಣ್ಣೆ ಹಚ್ಚುವಾಗ ಮಗ ಕಿಲಕಿಲ ನಗುತ್ತಿದ್ದ. ಆದರೆ ಜವಳದ ಸುದ್ದಿ ಕೇಳಿದ ಮೇಲೆ ಆಯಿ, "ಮೊದಲs ನನ್ ಕಡೆ ಬಿಟ್ಟಿದ್ರ ಒತ್ತಿ ದುಂಡಗ ಮಾಡ್ತಿದ್ನೆವ್ವಾ. ಸಾಸಿವಿ ದಿಂಬು ಹಾಕ್ರಿ" ಅಂದರು. ನನಗೆ ಎರಡೂ ಕಡೆ ಭಯ. ಹಗುರ ಕೈಯವರು ಹೇಳಿದ್ದು ನಂಬೋದಾ, ಒತ್ತುವ ಕೈಗೆ ಕೊಡೋದಾ?

ಮರುದಿನ ರಾಮದುರ್ಗಕ್ಕೆ ಹೋಗೋದಿತ್ತು, ಚಿಕ್ಕಮ್ಮನ ಮನೆ ಅಲ್ಲಿ. ಮಲಪ್ರಭಾ ದಂಡೆಯ ಊರು, ಮೇ ತಿಂಗಳ ಬಿಸಿಲು ಕೇಳಬೇಡಿ. ಚಿಕ್ಕಮ್ಮ ರೊಟ್ಟಿ ಬಡಿಯೋದು ಬಿಟ್ಟು, "ಮೊದಲ ಡಾಕ್ಟರ್ಗೆ ತೋರ್ಸೂಣು ನಡಿ" ಅಂದಳು. ಮಕ್ಕಳ ಡಾಕ್ಟರು ಟೇಪಿನಿಂದ ತಲೆ ಅಳೆದರು. ಮೂಳೆಗಳ ಕೂಡುಗೆರೆಯ ಮೇಲೆ ಬೆರಳಾಡಿಸಿದರು, ನೆತ್ತಿಯ ಮೆತ್ತನೆ ಜಾಗ ಮುಟ್ಟಿದರು. ಕುತ್ತಿಗೆಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಎಡಕ್ಕೆ ಸ್ವಲ್ಪ ಬಿಗಿ ಇತ್ತು.

"ಮಲಗಿಸೋದರಿಂದ ಆಗಿರೋದು. ಬಲಕ್ಕೇ ತಿರುಗಿ ಮಲಗ್ತಾನೆ, ಅಲ್ವಾ?" ಅಂದರು. ಹೌದು. ನಮ್ಮ ಬೆಂಗಳೂರಿನ ಮನೆಯಲ್ಲಿ ಕಿಟಕಿ, ಟಿವಿ, ನಾವು, ಎಲ್ಲ ಅವನ ಬಲಕ್ಕೇ ಇದ್ದೆವು! ಮೂಳೆಗಳು ಅವಧಿಗೆ ಮುಂಚೆ ಕೂಡಿಕೊಳ್ಳುವ ಒಂದು ತೊಂದರೆ ಇದೆಯಂತೆ. ಅದಾಗಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು, ಅದಕ್ಕೇ ಡಾಕ್ಟರು ನೋಡಬೇಕು. ನಮ್ಮದು ಅದಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಅವರು ಹೇಳಿದ್ದು ಇಷ್ಟು. ನಿದ್ದೆಗೆ ಅಂಗಾತವೇ ಮಲಗಿಸಿ, ಅದು ಸುರಕ್ಷಿತ, ಬದಲಿಸಬೇಡಿ. ದಿಂಬು ಬೇಡ, ಸಾಸಿವೆಯದೂ ಬೇಡ. ತೊಟ್ಟಿಲಲ್ಲಿ ತಲೆ ಇರುವ ಕಡೆ ಕಾಲು ಮಾಡಿ. ಎಚ್ಚರ ಇದ್ದಾಗ, ನಾವು ಎದುರಿಗೇ ಇದ್ದು, ದಿನಕ್ಕೆ ಹಲವು ಸಲ ಬೋರಲು ಹಾಕಿ. ಕುತ್ತಿಗೆಗೆ ಫಿಸಿಯೋಥೆರಪಿಯವರು ವ್ಯಾಯಾಮ ಕಲಿಸುತ್ತಾರೆ. ಎಣ್ಣೆ ಹಚ್ಚಿ, ಎರೆಯಿರಿ, ತಲೆ ಮಾತ್ರ ಒತ್ತಬೇಡಿ. "ಆ ಬೆಂಗಳೂರಿನ ಸೆಷನ್?" ಅಂತ ಕೇಳಿದೆ. "ಮಗು ಮಲಗಿತಲ್ಲ, ಅಷ್ಟೇ ಲಾಭ" ಅಂತ ನಕ್ಕರು.

ಅವತ್ತು ಸಂಜೆ ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಮಗ್ಗ ನಡೀತಿತ್ತು. ಖಟ್ ಖಟ್ ಸಪ್ಪಳ ಎಡಗಡೆ ಬಾಗಿಲಿಂದ. ಮಗ ನಿಧಾನಕ್ಕೆ ಎಡಕ್ಕೆ ತಿರುಗಿ ಕಿವಿಗೊಟ್ಟ. ನಾನು ಚಾಪೆ ಎತ್ತಿಕೊಂಡು ಅದೇ ಗೋಡೆಯ ಹತ್ತಿರ ಹಾಸಿದೆ.

ಆಯಿಗೆ ಹೇಳೋದೇ ಕಷ್ಟದ ಕೆಲಸವಾಯ್ತು. ಅಮ್ಮ ಸೂಕ್ಷ್ಮವಾಗಿ, "ಆಯಿ, ಡಾಕ್ಟರು ನಿನ್ ಎಣ್ಣಿ ಕೈ ಬೇಕs ಅಂದಾರ, ಒತ್ತೂದಷ್ಟು ಬ್ಯಾಡಂತ" ಅಂದಳು. ಆಯಿ ಮುಖ ಸಣ್ಣದು ಮಾಡಿಕೊಂಡರು, ಆದರೂ ಮಾರನೆಯ ದಿನ ಬಂದು ಎರೆದರು. ತಲೆಯ ಮೇಲೆ ಕೈ ಆಡಿಸಿದ್ದು ಹೂವು ಮುಟ್ಟಿದ ಹಾಗೆ. ಮುಕ್ಕಾಲು ತಾಸು ಬೇಕಾಗಲಿಲ್ಲ, ಕುಂಚಗಿ ಕಟ್ಟೋದರೊಳಗೆ ಮಗ ನಿದ್ದೆ ಹೋಗಿದ್ದ. ನೀವೂ ಇಂಥ ಸೆಷನ್ ಬುಕ್ ಮಾಡೋರಿದ್ದರೆ ಮಾಡಿ, ಹಾಯಾಗಿ ಇರುತ್ತೆ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಮೂಳೆ ಕೂರಿಸ್ತೀವಿ ಅಂದರೆ ಮಾತ್ರ ಪ್ಯಾಕೇಜ್ ಬೇಡ ಅನ್ನಿ.

ವಾಪಸ್ ಬರುವಾಗ ಕಿತ್ತೂರಿನಲ್ಲಿ ಇಳಿದೆವು. 1824ರಲ್ಲಿ ಬ್ರಿಟಿಷರ ವಿರುದ್ಧ ಚೆನ್ನಮ್ಮ ನಿಂತ ಕೋಟೆ. ಬೈಲಹೊಂಗಲದಲ್ಲಿ ಅವಳ ಸಮಾಧಿ ನೋಡಿ ಬೆಳೆದವಳು ನಾನು, ಮಗನಿಗೆ ಕೋಟೆ ತೋರಿಸದೆ ಹೋಗೋದುಂಟೇ! ಅರಮನೆಯ ಮುರಿದ ಗೋಡೆಗಳ ನೆರಳಲ್ಲಿ ಬೆಡ್‌ಶೀಟ್ ಹಾಸಿ ಅವನನ್ನು ಬೋರಲು ಹಾಕಿದೆವು. ಮೂಗು ತಿಕ್ಕಿದ, ಸಿಡುಕಿದ, ಮುಂಗೈ ಊರಿದ. ಎಡಕ್ಕೆ ಒಂದು ಮೇಕೆ ಬಂತು. ಬೋಳು ತಲೆ ಎತ್ತಿ ಅದನ್ನೇ ನೋಡಿದ. ಗಂಡ ಫೋನಿನಲ್ಲಿ ಎಣಿಸುತ್ತಿದ್ದ, ಹನ್ನೊಂದು ಸೆಕೆಂಡು.