ಬಿದ್ದ ದಾಳ

ಆಟವೆಂದೊಡನೆ ನನ್ನ ವಯಸ್ಸಿನವರ ಕಣ್ಣ ಮುಂದೆ ನಿಲ್ಲುವುದು ಜಗಲಿಯ ಮೇಲೆ ಸೀಮೆಸುಣ್ಣದಿಂದ ಬರೆದ ಚೌಕಾಬಾರದ ಮನೆಗಳು, ಕವಡೆಗಳ ಸದ್ದು, ಕಾಯಿ ಕಡಿದವರ ಕೇಕೆ. ನಾನೂ ಅಂಥ ಜಗಲಿಯ ಮೇಲೆಯೇ ಬೆಳೆದವನು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ಮೇಲೆ, ಕಂಪ್ಯೂಟರಿನ ಮುಂದೆ ಕುಳಿತು ದೂರದೂರಿನ ಮಕ್ಕಳೊಡನೆ ದಾಳವಾಡುವ ದಿನ ಬಂದೀತೆಂದು ಎಣಿಸಿರಲಿಲ್ಲ. ಆ ಆಟದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಓದುಗರ ಮುಂದಿಡುವುದೇ ಈ ಬರಹದ ಉದ್ದೇಶ.

2020ರಲ್ಲಿ ಊರೆಲ್ಲ ಬಾಗಿಲು ಮುಚ್ಚಿ ಕುಳಿತಾಗ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಕ್ಕಳಿಬ್ಬರು ನನಗೆ ಈ ಆಟವನ್ನು ಕಲಿಸಿದರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವದು. ಒಬ್ಬನು ಸೂತ್ರಧಾರ, ಉಳಿದವರು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ. ಸೂತ್ರಧಾರನು ಸನ್ನಿವೇಶವನ್ನು ವರ್ಣಿಸುತ್ತಾನೆ, ಪಾತ್ರಧಾರಿಗಳು ತಾವೇನು ಮಾಡುವೆವೆಂದು ಹೇಳುತ್ತಾರೆ. ಫಲಿತಾಂಶ ಸಂದಿಗ್ಧವಾದಾಗ ಇಪ್ಪತ್ತು ಮುಖಗಳ ದಾಳ ಅದನ್ನು ನಿರ್ಣಯಿಸುತ್ತದೆ. ಗೆಲುವು ಸೋಲುಗಳೆಂಬುದಿಲ್ಲ, ಕಥೆ ಮುಂದುವರಿಯುತ್ತದೆ, ಅಷ್ಟೆ. ಮಾಂತ್ರಿಕರು, ಬೆಂಕಿಯುಗುಳುವ ಸರ್ಪಗಳು, ಮುಟ್ಟಿದೊಡನೆ ಮಾಯುವ ಗಾಯಗಳು ಆ ಆಟದ ಸಾಮಾನ್ಯ ಸಂಗತಿಗಳು.

2021ರ ಮೇ ತಿಂಗಳಲ್ಲಿ ನನ್ನ ತಂಗಿ ತೀರಿಕೊಂಡಳು. ಅವಳ ಒಬ್ಬಳೇ ಮಗಳು ಆಗ ಪುಣೆಯಲ್ಲಿ ಅದೇ ವ್ಯಾಧಿಯಿಂದ ಮಲಗಿದ್ದಳು. ತಾಯಿಯ ಸ್ಥಿತಿ ಕೈಮೀರುತ್ತಿದ್ದ ನಾಲ್ಕು ದಿನವೂ ನಾವೆಲ್ಲ ಫೋನಿನಲ್ಲಿ, "ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ, ನೀನು ವಿಶ್ರಾಂತಿ ತೆಗೆದುಕೊ" ಎಂದೇ ಹೇಳಿದೆವು. ಹಾಗೆ ಹೇಳಿದವರಲ್ಲಿ ನಾನೇ ಮೊದಲಿಗ. ಅನಂತರ ಒಂದು ವರ್ಷ ನಮ್ಮ ಆಟ ನಿಂತಿತು.

ಮರುವರ್ಷ ಮತ್ತೆ ಆರಂಭಿಸೋಣವೆಂದಾಗ ನನಗೆ ಮಾಯಾಮಂತ್ರಗಳ ಲೋಕ ರುಚಿಸಲಿಲ್ಲ. ಸತ್ತವರು ಎದ್ದು ಬರುವ ಕಥೆಯನ್ನು ಆ ಹುಡುಗಿಯ ಮುಂದೆ ಹೇಗೆ ಹೇಳಲಿ? ಇತಿಹಾಸದ ಮೇಷ್ಟರಾದ ನನಗೆ ತೋರಿದ ದಾರಿ 1565ನೆಯ ಇಸವಿಯದು. ಆ ಜನವರಿಯಲ್ಲಿ ದಖನ್ನಿನ ಸುಲ್ತಾನರ ಮೈತ್ರಿಸೈನ್ಯದೆದುರು ರಾಮರಾಯನು ಮಡಿದನು. ಅವನ ತಮ್ಮ ತಿರುಮಲನು ರಾಜಧಾನಿಯನ್ನು ತೊರೆದು ಪೆನುಗೊಂಡೆಗೆ ಹೋದನು. ಅರಸರ ಕಥೆಯನ್ನು ಪುಸ್ತಕಗಳು ಹೇಳುತ್ತವೆ; ಅದೇ ದಾರಿಯಲ್ಲಿ ಗಂಟುಮೂಟೆ ಹೊತ್ತು ನಡೆದ ಸಾಮಾನ್ಯರ ಕಥೆ ನಮ್ಮದಾಗಲೆಂದು ನಿಶ್ಚಯಿಸಿದೆ. ಉಪ್ಪಿನ ವ್ಯಾಪಾರಿ, ಕಮ್ಮಾರ, ಸೈನ್ಯದಿಂದ ಓಡಿಬಂದ ಬಿಲ್ಲಾಳು, ಅಕ್ಕಸಾಲೆಯ ಶಿಷ್ಯ, ಸೂಲಗಿತ್ತಿ, ಹೀಗೆ ಐದು ಪಾತ್ರಗಳು. ಸೂಲಗಿತ್ತಿಯ ಪಾತ್ರವನ್ನು ನನ್ನ ಸೊಸೆ, ಎಂದರೆ ತಂಗಿಯ ಮಗಳು, ತಾನಾಗಿ ಆರಿಸಿಕೊಂಡಳು.

ಮಂತ್ರವಿಲ್ಲ, ಬೇರು, ಬಟ್ಟೆಯ ಪಟ್ಟಿ, ಕಾಯಿಸಿದ ನೀರು ಮಾತ್ರ. ಆಟದ ಐದನೆಯ ಆವೃತ್ತಿಯ ಸಾಮಾನ್ಯ ನಿಯಮದಂತೆ 8 ಗಂಟೆ ಮಲಗಿ ಎದ್ದರೆ ಕಳೆದ ಪ್ರಾಣಾಂಶಗಳೆಲ್ಲ ಮರಳುತ್ತವೆ. ಆದರೆ 2014ರ ಸೂತ್ರಧಾರರ ಕೈಪಿಡಿಯಲ್ಲಿ ಒಂದು ಕಠಿಣವಾದ ಪರ್ಯಾಯವಿದೆ: ಪೂರ್ಣ ವಿಶ್ರಾಂತಿಗೆ 7 ದಿನ ಬೇಕು. ಇದೊಂದನ್ನು ಬದಲಿಸಿದೊಡನೆ ಆಟದ ಸ್ವರೂಪವೇ ಬದಲಾಯಿತು. ಮಕ್ಕಳು ಕತ್ತಿ ಹಿರಿಯುವ ಮುನ್ನ ಮಾತನಾಡಲು ಕಲಿತರು. ಏಳು ದಿನ ತಂಗಲು ನೆರಳೆಲ್ಲಿ, ಅಷ್ಟು ದಿನಕ್ಕೆ ಜೋಳವೆಲ್ಲಿ ಎಂಬ ಲೆಕ್ಕಾಚಾರವೇ ಕಥೆಯಾಯಿತು.

ಶನಿವಾರ ರಾತ್ರಿ 9 ಗಂಟೆಗೆ ಎಲ್ಲರೂ ಪರದೆಯ ಮೇಲೆ ಸೇರುತ್ತಿದ್ದೆವು. ಇಂಗ್ಲೆಂಡಿನಲ್ಲಿರುವ ನನ್ನ ಮಿತ್ರರ ಮಗನಿಗೆ ಆಗ ಬೇಸಿಗೆಯಾದರೆ ಸಂಜೆ ನಾಲ್ಕೂವರೆ, ಚಳಿಗಾಲವಾದರೆ ಮೂರೂವರೆ. ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೋರಿಸುತ್ತಿದ್ದರೂ ದಾಳವನ್ನು ಮಾತ್ರ ನಾನು ನನ್ನ ಮೇಜಿನ ಮೇಲೆ, ಪುಸ್ತಕದ ಮರೆಯಲ್ಲಿ ಉರುಳಿಸುತ್ತಿದ್ದೆ. ಸೂತ್ರಧಾರರಲ್ಲಿ ಇದು ಹಳೆಯ ರೂಢಿ.

ಹಗರಿ ನದಿಯ ಒಣ ಮರಳಿನಲ್ಲಿ ದರೋಡೆಕೋರರು ಎದುರಾದ ರಾತ್ರಿ ಸೂಲಗಿತ್ತಿ ಹಳೆಯ ಗಾಯ ಮಾಯದೆಯೇ ನಡೆದಿದ್ದಳು. ಮೊದಲ ಪೆಟ್ಟಿಗೇ ನೆಲಕ್ಕುರುಳಿದಳು. ಬದುಕುಳಿಯುವ ದಾಳವನ್ನು ಒಮ್ಮೆ ಎಸೆದು ಸೋತಳು. ಮೂರು ಸೋಲಾದರೆ ಸಾವು. ಬಿದ್ದವರಿಗೆ ಹತ್ತಿರದಿಂದ ಮತ್ತೊಂದು ಪೆಟ್ಟು ತಗುಲಿದರೆ ಎರಡು ಸೋಲುಗಳು ಒಟ್ಟಿಗೇ ಕೂಡುತ್ತವೆ. ದರೋಡೆಕೋರನ ಪರವಾಗಿ ನಾನು ದಾಳ ಉರುಳಿಸಿದೆ. ಹತ್ತೊಂಬತ್ತು ಬಿತ್ತು. ಪರದೆಯ ಮೇಲೆ ಆ ಹುಡುಗಿಯ ಮುಖವನ್ನು ನೋಡಿದೆ. "ನಾಲ್ಕು. ಈಟಿ ಮರಳಿಗೆ ನಾಟಿತು" ಎಂದೆ.

ಎಲ್ಲರೂ ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಹಾಲಿನ ಲೋಟವನ್ನು ತಂದಿಡಲು ಬಂದ ನನ್ನ ಶ್ರೀಮತಿ ಮೇಜನ್ನು ನೋಡಿ, "ಹತ್ತೊಂಬತ್ತು ಬಿದ್ದಿದೆಯಲ್ಲ, ಒಳ್ಳೆಯದೇ ತಾನೆ?" ಎಂದಳು. ಮೈಕು ತೆರೆದೇ ಇತ್ತು.

ಯಾರೂ ಮಾತನಾಡಲಿಲ್ಲ. ಕೆಲ ಕ್ಷಣಗಳ ಮೇಲೆ ಸೊಸೆ ಮೆಲ್ಲನೆ, "ಮಾಮಾ, ಇಲ್ಲಿಯೂ ನೀವು ಹಾಗೆಯೇ ಮಾಡಿದಿರಾ?" ಎಂದು ಕೇಳಿ ಪರದೆಯಿಂದ ಮರೆಯಾದಳು. ಮುಂದಿನ ಎರಡು ಶನಿವಾರ ಅವಳು ಬರಲಿಲ್ಲ.

'ಇಲ್ಲಿಯೂ' ಎಂಬ ಆ ಒಂದು ಪದ ನನ್ನನ್ನು ನಿದ್ದೆಗೆಡಿಸಿತು. ಕರುಣೆಯೆಂದು ನಾನು ಬಗೆದದ್ದು ಅವಳ ಪಾಲಿಗೆ ಏನಾಗಿತ್ತು? ಆ ನಾಲ್ಕು ದಿನಗಳಲ್ಲಿ ನಿಜ ತಿಳಿದಿದ್ದರೆ ಫೋನಿನಲ್ಲಾದರೂ ತಾಯಿಯೊಡನೆ ಕೊನೆಯ ಮಾತನ್ನು ಆಡುತ್ತಿದ್ದಳು. ಅವಳ ದುಃಖವನ್ನು ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಅಂಜಿಕೆಗೆ ಅವಳ ಆರೋಗ್ಯದ ನೆಪ ಕೊಟ್ಟಿದ್ದೆ. ಮೂರನೆಯ ವಾರ ನಾನೇ ಪುಣೆಗೆ ಫೋನು ಮಾಡಿದೆ. ದಾಳದ ವಿಷಯಕ್ಕೆ ಮೊದಲು ಆ ನಾಲ್ಕು ದಿನಗಳ ವಿಷಯಕ್ಕೆ ಕ್ಷಮೆ ಬೇಡಿದೆ. ಅವಳು ಬಹಳ ಹೊತ್ತು ಅತ್ತಳು. ತಾಯಿ ಕೊನೆಯ ದಿನಗಳಲ್ಲಿ ಏನು ಮಾತನಾಡಿದಳು, ಏನು ಕೇಳಿದಳು ಎಂದು ಒಂದೊಂದಾಗಿ ವಿಚಾರಿಸಿದಳು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಒಂದು ವರ್ಷ ಮೀರಿದರೂ ನಮ್ಮ ಮನೆಯಲ್ಲಿ ಆ ಮಾತು ಅಲ್ಲಿಯವರೆಗೆ ಬಂದೇ ಇರಲಿಲ್ಲ.

ಆ ಶನಿವಾರ ಅವಳು ಬಂದು, "ಹತ್ತೊಂಬತ್ತು ಹತ್ತೊಂಬತ್ತೇ ಆಗಲಿ" ಎಂದಳು. ಸೂಲಗಿತ್ತಿ ಹಗರಿಯ ಮರಳಿನಲ್ಲಿ ಪ್ರಾಣಬಿಟ್ಟಳು. ಉಳಿದ ನಾಲ್ವರು ಅವಳನ್ನು ದಂಡೆಯ ಮೇಲೆ ಮಣ್ಣುಮಾಡಿದರು. ಒರಟನಾಗಿದ್ದ ಬಿಲ್ಲಾಳು ಅವಳ ಬೇರುಗಳ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡ. ಮುಂದಿನ ಹಳ್ಳಿಯಲ್ಲಿ ಸೊಸೆ ಹೊಸ ಪಾತ್ರವಾಗಿ, ಸೂಲಗಿತ್ತಿಯನ್ನು ಹುಡುಕಿಕೊಂಡು ಬಂದ ಹದಿನಾಲ್ಕರ ಶಿಷ್ಯೆಯಾಗಿ ಕಥೆಯೊಳಗೆ ಕಾಲಿಟ್ಟಳು. ಚೀಲ ಅವಳ ಕೈಸೇರಿತು.

ಅಪಾಯ ಸುಳ್ಳಾದರೆ ಆಟದಲ್ಲಿ ತೋರಿದ ಧೈರ್ಯವೂ ಸುಳ್ಳಾಗುತ್ತದೆ. ಮನೆಯಲ್ಲಿಯೂ ಅಷ್ಟೆ. ಪ್ರೀತಿಯ ಹೆಸರಿನಲ್ಲಿ ನಾವು ಕಿರಿಯರಿಂದ ಮರೆಮಾಡುವ ಕಹಿ ಸುದ್ದಿಗಳು ಅವರ ನೋವನ್ನು ಕಳೆಯುವುದಿಲ್ಲ. ಆ ನೋವನ್ನು ಎದುರಿಸುವ ಹಕ್ಕನ್ನು ಕಸಿದುಕೊಳ್ಳುತ್ತವೆ.

ಹೊರಟ ಐವರಲ್ಲಿ ಪೆನುಗೊಂಡೆಯ ಬೆಟ್ಟವನ್ನು ಕಂಡವರು ಇಬ್ಬರೇ. ಈಗ ಹೊಸ ಕಥೆಯೊಂದು ನಡೆದಿದೆ. ದಾಳ ಇಂದು ಪುಸ್ತಕದ ಮರೆಯಲ್ಲಿ ಉರುಳುವುದಿಲ್ಲ. ಕ್ಯಾಮೆರಾದ ಕೆಳಗೆ ಇಟ್ಟ ಹಿತ್ತಾಳೆಯ ತಟ್ಟೆಯಲ್ಲಿ ಎಲ್ಲರ ಎದುರಿಗೆ ಉರುಳುತ್ತದೆ. ನನ್ನ ಕಣ್ಣು ಮಂಜಾಗಿರುವುದರಿಂದ ಬಿದ್ದ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ನನ್ನ ಶ್ರೀಮತಿಯದು.