ದಾಳ ಕೊಟ್ಟ ಆರು ಅಂಕಿ

ಆಟಕ್ಕಿಂತ ಆಟದ ಮುಂಚಿನ ಅರ್ಧ ಗಂಟೆಯೇ ನನಗೆ ಹೆಚ್ಚು ಪ್ರಿಯ. ಶನಿವಾರ ಸಂಜೆ ನೈರೋಬಿಯ ರಿವರ್‌ಸೈಡಿನ ನಮ್ಮ ಫ್ಲ್ಯಾಟಿನಲ್ಲಿ ಐದಾರು ಮಂದಿ ಊಟದ ಮೇಜಿನ ಸುತ್ತ ಸೇರುತ್ತೇವೆ. ಜುಲೈ ತಿಂಗಳಾದರೆ ಕಿಟಕಿ ಮುಚ್ಚಲೇಬೇಕು. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರವಿದ್ದರೂ ನೈರೋಬಿ 1,600 ಮೀಟರಿಗೂ ಎತ್ತರದ ಊರು. ಆ ತಿಂಗಳ ಸಂಜೆಗಳಿಗೆ ಸ್ವೆಟರ್ ಬೇಕು. ಮೇಜಿನ ಮೇಲೆ ಒಂದು ಕಾಂಗಾ ಹಾಸುತ್ತೇನೆ. ಇಲ್ಲಿನ ಹೆಂಗಸರು ಸುತ್ತಿಕೊಳ್ಳುವ ಈ ಹತ್ತಿಬಟ್ಟೆಯ ಅಂಚಿನಲ್ಲಿ ಸ್ವಾಹಿಲಿ ಗಾದೆಯೊಂದು ಅಚ್ಚಾಗಿರುತ್ತದೆ. ಬಟ್ಟೆ ಇಲ್ಲದಿದ್ದರೆ ದಾಳಗಳು ಜಾರಿ ನೆಲಕ್ಕೆ ಹಾರುತ್ತವೆ. ಇದ್ದರೆ ಎರಡು ಹೊರಳು ಹೊರಳಿ ಅಲ್ಲೇ ನಿಲ್ಲುತ್ತವೆ. ತಲೆಗೊಂದು ಹಾಳೆ, ಒಂದು ಪೆನ್ಸಿಲ್, ಮೂರು ದಾಳ. ಪಾತ್ರಗಳು ಹುಟ್ಟುವುದಕ್ಕೆ ಇಷ್ಟು ಸಾಕು.

ನಾವು ಆಡುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ. ಒಬ್ಬರು ಲೋಕವನ್ನು ಕಟ್ಟಿ ಕಥೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಆ ಲೋಕದೊಳಗೆ ಇಳಿಯುತ್ತಾರೆ. ಪ್ರತಿ ಪಾತ್ರಕ್ಕೂ ಆರು ಗುಣ: ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಕೈಚಳಕ, ವರ್ಚಸ್ಸು. ಮೊದಲ ಪುಸ್ತಕಗಳ ಕ್ರಮ ಸರಳ. ಒಂದೊಂದು ಗುಣಕ್ಕೂ ಮೂರು ದಾಳ ಉರುಳಿಸಿ ಕೂಡಬೇಕು, ಬಿದ್ದದ್ದನ್ನು ಇದೇ ಸಾಲಿನಲ್ಲಿ ಬರೆದುಕೊಳ್ಳಬೇಕು. ನಮ್ಮ ಮನೆಯ ಆಟದಲ್ಲಿ ಅದಲುಬದಲು ಇಲ್ಲ. ದಾಳ ಹಾಳೆಯ ಅಂಚಿಗೋ ಲೋಟಕ್ಕೋ ಒರಗಿ ಓರೆಯಾಗಿ ನಿಂತರೆ ಮಾತ್ರ ಮತ್ತೆ ಹಾಕಬಹುದು.

ಮೂರು ದಾಳಗಳ ಲೆಕ್ಕವೇ ಒಂದು ಸೊಗಸು. ಅವು ಬೀಳಬಹುದಾದ ಬಗೆ ಒಟ್ಟು 216. ಅದರಲ್ಲಿ 18 ಬರುವುದು ಒಂದೇ ಬಗೆಯಲ್ಲಿ, 3 ಬರುವುದೂ ಒಂದೇ ಬಗೆಯಲ್ಲಿ. 10ಕ್ಕೆ 27 ದಾರಿ, 11ಕ್ಕೂ 27. ಇಟಲಿಯ ಜೂಜುಗಾರರಿಗೆ ಮೂರು ದಾಳದಲ್ಲಿ 9ಕ್ಕಿಂತ 10 ತುಸು ಹೆಚ್ಚು ಬೀಳುತ್ತದೆ ಎಂದು ಆಡಿ ಆಡಿಯೇ ಗೊತ್ತಾಗಿತ್ತು. ಯಾಕೆ ಹಾಗೆ ಎಂದು ಬಿಡಿಸಿ ಬರೆದವನು ಗೆಲಿಲಿಯೊ: 9ಕ್ಕಿರುವುದು 25 ದಾರಿ, 10ಕ್ಕೆ 27. ನಮ್ಮ ಮೇಜಿನಲ್ಲೂ ಅದೇ ನ್ಯಾಯ. 8ರಿಂದ 13ರೊಳಗೆ ಬೀಳುವುದು 146 ಸಲ, ಅಂದರೆ ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಹಾಳೆಯ ಮೇಲೆ ಮೂಡುವವರು ಹೆಚ್ಚುಕಡಿಮೆ ನಮ್ಮ ಕೇರಿಯವರಂತೆಯೇ ಇರುತ್ತಾರೆ. ಒಂದೆರಡು ಅಂಕಿ ಮಾತ್ರ ಗೆರೆ ದಾಟಿ ಮೇಲೆಯೋ ಕೆಳಗೋ ಹೋಗಿರುತ್ತವೆ. ಆ ಪಾತ್ರದ ಕಥೆಯ ಬೀಜ ಅಲ್ಲೇ.

ಆಮೇಲೆ ಧಾರಾಳದ ಕ್ರಮಗಳೂ ಬಂದವು. 1979ರ ಮಾರ್ಗದರ್ಶಿ ಪುಸ್ತಕ ನಾಲ್ಕು ದಾಳ ಹಾಕಿ ಕಡಿಮೆಯದನ್ನು ಬಿಟ್ಟುಬಿಡಿ ಎಂದಿತು. ಆಗ ಸರಾಸರಿ 10.5ರಿಂದ 12.24ಕ್ಕೆ ಏರುತ್ತದೆ. 2014ರ ಆವೃತ್ತಿಯಲ್ಲಿ ದಾಳವನ್ನೇ ಮುಟ್ಟದೆ 27 ಅಂಕಗಳನ್ನು ಖರ್ಚುಮಾಡಿ ಬೇಕಾದ ಗುಣ ಕೊಂಡುಕೊಳ್ಳುವ ದಾರಿಯೂ ಇದೆ. ತಿಂಗಳುಗಟ್ಟಲೆ ಒಂದೇ ಪಾತ್ರದೊಂದಿಗೆ ಬಾಳುವವರಿಗೆ ಅದು ಸರಿಯೇ. ಯಾರೂ ಯಾರಿಗೂ ಕಡಿಮೆಯಾಗುವುದಿಲ್ಲ. ಆದರೆ ಕೊಂಡುಕೊಂಡ ಪಾತ್ರದಲ್ಲಿ ನಾನು ಬಯಸಿದ್ದಷ್ಟೇ ಇರುತ್ತದೆ. ಉರುಳಿ ಬಂದ ಪಾತ್ರದಲ್ಲಿ ನಾನು ಊಹಿಸಿರದ ಒಬ್ಬ ಮನುಷ್ಯ ಇರುತ್ತಾನೆ.

ಕಿಸುಮುವಿನಿಂದ ಬಂದ ಗೆಳತಿಯೊಬ್ಬಳು ಒಮ್ಮೆ ಉರುಳಿಸಿದ್ದು ಹೀಗೆ: ಬಲ 14, ಬುದ್ಧಿ 9, ವಿವೇಕ 12, ದೇಹದಾರ್ಢ್ಯ 6, ಕೈಚಳಕ 15, ವರ್ಚಸ್ಸು 11. ತೋಳಿನಲ್ಲಿ ಇಷ್ಟು ಬಲ, ಮೈಯಲ್ಲಿ ಇಷ್ಟು ನಿತ್ರಾಣ! ಒಂದಕ್ಕೊಂದು ಹೊಂದದ ಎರಡು ಅಂಕಿಗಳ ಮೇಲೆ ಅವಳು ಪೆನ್ಸಿಲ್ ಆಡಿಸುತ್ತಾ ಕುಳಿತಳು. ಆಮೇಲೆ ಹೇಳಿದಳು: ಇವಳು ದೊಡ್ಡ ಕೆರೆಯ ದಡದ ಬೆಸ್ತರ ಮಗಳು. ಚಿಕ್ಕಂದಿನಿಂದ ಹುಟ್ಟು ಹಾಕಿ ತೋಳು ಗಟ್ಟಿ, ಬಲೆ ಹೆಣೆದು ಬೆರಳು ಚುರುಕು. ಆದರೆ ಮಳೆಗಾಲ ಬಂತೆಂದರೆ ಜ್ವರ, ಪ್ರತಿವರ್ಷ ಜ್ವರ. ಇಂದಿನ ನಿಯಮದಲ್ಲಿ 6 ಬಿದ್ದವರಿಗೆ ಆ ಗುಣದ ಪ್ರತಿ ಪರೀಕ್ಷೆಯಲ್ಲೂ ಎರಡು ಕಳೆಯಬೇಕು. ವಿಷ ತಡೆಯಲು, ನಿದ್ದೆಗೆಟ್ಟು ನಡೆಯಲು ಅವಳು ದಾಳ ಹಾಕಿದಾಗಲೆಲ್ಲ ಆ ಎರಡು ಕಳೆಯುತ್ತಲೇ ಹೋಯಿತು. ಬೆಟ್ಟ ಹತ್ತುವಾಗ ಉಳಿದವರು ಅವಳಿಗಾಗಿ ನಿಂತರು. ಹೊಳೆ ಅಡ್ಡ ಬಂದಾಗ ಎಲ್ಲರನ್ನೂ ದಾಟಿಸಿದವಳು ಅವಳೇ.

ನನ್ನ ಮಗಳಿಗೆ ಬುದ್ಧಿ 16 ಬಿದ್ದು ವರ್ಚಸ್ಸು 5 ಬಿತ್ತು.

“ಅಪ್ಪಾ, ಇನ್ನೊಂದ್ಸಲ ಹಾಕ್ಲಾ?”

“ಬೇಡ ಪುಟ್ಟಿ. ಇವನು ಯಾರು ಅಂತ ಮೊದ್ಲು ಹೇಳು.”

ತುಸು ಹೊತ್ತು ಮುಖ ಊದಿಸಿಕೊಂಡಿದ್ದು ಆಮೇಲೆ ಬರೆದಳು: ನಕ್ಷತ್ರ ಎಣಿಸಿ ಮಳೆಯ ದಿನ ಹೇಳುವವನು, ಜನರ ಮುಖ ನೋಡಿ ಮಾತಾಡಲಾರ, ಹೊಲದವರು ಅವನ ಬಾಗಿಲಿಗೆ ಬಂದು ಗೋಡೆಯ ಕಡೆ ತಿರುಗಿ ನಿಂತು ಕೇಳುತ್ತಾರೆ. ಎಷ್ಟು ಅಂಕ ಕೊಂಡರೂ ಆ ಗೋಡೆ ಸಿಗುತ್ತಿರಲಿಲ್ಲ.

ದಾಳವೆಂದರೆ ನಮ್ಮ ಕನ್ನಡ ಮನಸ್ಸಿಗೆ ಮೊದಲು ನೆನಪಾಗುವುದು ಶಕುನಿ. ಕುಮಾರವ್ಯಾಸ ಹೇಳಿದ ಆ ಸಭೆಯಲ್ಲಿ ದಾಳ ಬರೀ ಕಸಿದುಕೊಳ್ಳುತ್ತದೆ. ರಾಜ್ಯ ಹೋಯಿತು, ತಮ್ಮಂದಿರು ಹೋದರು, ಕೊನೆಗೆ ದ್ರೌಪದಿ. ಅಜ್ಜಿಯ ಚೌಕಾಬಾರದಲ್ಲಿ ಕವಡೆಗೆ ಅಷ್ಟು ಕ್ರೌರ್ಯವಿರಲಿಲ್ಲ, ಆದರೂ ಗರ ಬಿದ್ದವರ ಕಾಯಿ ಇನ್ನೊಬ್ಬರ ಕಾಯಿಯನ್ನು ಕಡಿದೇ ಮುಂದೆ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಹೊಸ ಹೊಸ ಪಟದಾಟಗಳನ್ನೇ ಕಟ್ಟಿದ ನಾಡು ನಮ್ಮದು. ಉರುಳುವ ದಾಳದ ರುಚಿ ನಮಗೆ ಹೊಸದಲ್ಲ. ಈ ಅರ್ಧ ಗಂಟೆಯಲ್ಲಿ ಮಾತ್ರ ದಾಳ ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಎದುರಾಳಿ ಇಲ್ಲ, ಪಣ ಇಲ್ಲ. ಅದು ಕೊಡುತ್ತದೆ, ಅಷ್ಟೇ. ಕೊಟ್ಟದ್ದನ್ನು ಓದಿಕೊಳ್ಳುವ ಕೆಲಸ ನಮ್ಮದು.

ಆ ಓದುವಿಕೆ ಕೈಗೆ ಹತ್ತಲು ಕಾಲ ಬೇಕು. ಅತಿ ದೊಡ್ಡ ಅಂಕಿಯನ್ನೂ ಅತಿ ಸಣ್ಣದನ್ನೂ ಜೋಡಿಯಾಗಿ ನೋಡಬೇಕು. ಸಣ್ಣದಕ್ಕೆ ಕಾರಣ ಹುಡುಕಬೇಕು. ಆ ಕೊರತೆ ಯಾರಿಗೆಲ್ಲ ಗೊತ್ತು, ಪಾತ್ರ ಅದನ್ನು ಯಾರಿಂದ ಮುಚ್ಚಿಟ್ಟಿದೆ ಎಂದು ಕೇಳಬೇಕು. 10, 11ಗಳನ್ನು ಹಾಗೇ ಬಿಡಬೇಕು, ಎಲ್ಲದಕ್ಕೂ ಕಥೆ ಹೊಸೆಯಬಾರದು. ಮನುಷ್ಯರನ್ನು ಬಲ್ಲವರು ಈ ಕೆಲಸದಲ್ಲಿ ಬೇಗ ಪಳಗುತ್ತಾರೆ. ಪಳಗಿದವರಿಗೆ ಮನುಷ್ಯರ ಬಗ್ಗೆ ತಾಳ್ಮೆಯೂ ಹೆಚ್ಚುತ್ತದೆ ಎಂಬುದು ಈ ಮೇಜು ನನಗೆ ಕಲಿಸಿದ ಪಾಠ.

ನಿಮ್ಮ ಮನೆಯಲ್ಲಿ ಲೂಡೊ ಡಬ್ಬಿಯೊಂದು ಇದ್ದೇ ಇರುತ್ತದೆ. ಒಂದೇ ದಾಳವಿದ್ದರೆ ಮೂರು ಮೂರು ಸಲ ಹಾಕಿ. ಆರು ಅಂಕಿ ಬರೆದು, ಎಲ್ಲಕ್ಕಿಂತ ಕಡಿಮೆಯದರ ಮೇಲೆ ಬೆರಳಿಟ್ಟು, ಇದು ಯಾಕೆ ಹೀಗೆ ಎಂದು ಮಕ್ಕಳನ್ನು ಕೇಳಿ. ಮುಂದಿನ ಕಥೆಯನ್ನು ಅವರೇ ಹೇಳುತ್ತಾರೆ.